ಫ್ಯೂಸಿಗೆ ಮೂರು ಎಳೆ

ಡಿಸೆಂಬರ್ ೯, ಮಂಗಳವಾರ, ಬೆಳಿಗ್ಗೆ

ಫ್ಯೂಸ್ ಹೋಗಲಿಲ್ಲ! ಗೀಸರ್ ಹಾಕಿದೆ, ಬಿಸಿ ಬಿಸಿ ನೀರು, ಪೂರ್ತಿ ಸ್ನಾನ, ತಲೆಗೂ ಹಾಕಿಕೊಂಡೆ — ಲೈಟು ಉರಿಯುತ್ತಲೇ ಇತ್ತು. ಮದುವೆಯಾಗಿ ಹೈದರಾಬಾದಿನ ಲಿಂಗಂಪಲ್ಲಿಯ ಈ ಮನೆಗೆ ಬಂದ ಮೇಲೆ ಇದೇ ಮೊದಲು. ಬಾತ್‌ರೂಮಿನಲ್ಲೇ ಕುಣಿದೆ. ಲಿಟರಲಿ.

ಇಷ್ಟು ದಿನ ಆಗುತ್ತಿದ್ದದ್ದೇ ಬೇರೆ. ಸೊಸೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಸರಿ. ಎದ್ದವಳೇ ನನ್ನ ತವರಿನವರು ಕೊಟ್ಟ ಗೀಸರ್ ಹಾಕುತ್ತೇನೆ. ಟಪ್! ಮನೆಯೆಲ್ಲ ಕತ್ತಲು. ಮಹಡಿಯ ಮೇಲೆ ಬಾಡಿಗೆಗಿರುವ ಜಯಮ್ಮನವರಿಗೂ ಕತ್ತಲು. ತಕ್ಷಣ ಮೆಟ್ಟಿಲ ಮೇಲಿಂದ ಅವರ ದನಿ — "ಗುರುದೇವಿ, ಸೊಸಿ ಇಷ್ಟು ಲಗೂ ಜಳಕಕ್ಕ ನಿಂತ್ಲೇನು?" ಆಮೇಲೆ ಆ ನಗು. ನನ್ನ ಗಂಡ ಸುಮಂತ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಾನೆ. ನಾನು ಕತ್ತಲಲ್ಲಿ, ಮೈತುಂಬ ಸೋಪು, ಕಣ್ಣಲ್ಲಿ ನೀರು. ನಾನು ಯಾವಾಗ ಸ್ನಾನ ಮಾಡುತ್ತೇನೆ ಅಂತ ಓಣಿಗೆಲ್ಲ ಗೊತ್ತು. ಯಾಕೆ ಅಷ್ಟು ಬೇಗ ಅಂತಲೂ ಗೊತ್ತು...

ನಗದೇ ಇರುವವರು ಅತ್ತೆ ಒಬ್ಬರೇ. ಮೇನ್ ಆಫ್ ಮಾಡಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಸ್ಟೂಲ್ ಹತ್ತುತ್ತಾರೆ. ಮಾವ ಇದ್ದಾಗ ಹಾಕಿಸಿದ ಮರದ ಬೋರ್ಡು, ಅದರ ಮೇಲೆ ಪಿಂಗಾಣಿ ಫ್ಯೂಸುಗಳ ಸಾಲು. ಸುಟ್ಟದ್ದನ್ನು ಕಿತ್ತು, ತೆಳ್ಳನೆ ತಂತಿ ಒಂದು ಎಳೆ ಸುತ್ತಿ ಮತ್ತೆ ಒತ್ತುತ್ತಾರೆ. ಮಾವ ಹೋದ ಮೇಲೆ ತಾವೇ ಕಲಿತದ್ದಂತೆ. ಈಗ ಓಣಿಯಲ್ಲಿ ಯಾರ ಮನೆಯ ಫ್ಯೂಸ್ ಹೋದರೂ ಇವರಿಗೇ ಕರೆ. ನನಗೂ ಹೇಳಿಕೊಟ್ಟಿದ್ದರು — "ಒಂದ ಎಳಿ ಸುತ್ತಬೇಕು, ಶಾಂಭವಿ. ಹೆಚ್ಚು ಸುತ್ತಿದಿ ಅಂದ್ರ ಫ್ಯೂಸ್ ಉಳೀತೈತಿ, ಗ್ವಾಡ್ಯಾಗಿನ ವೈರ್ ಸುಡ್ತೈತಿ."

ನಿನ್ನೆ ಅವರು ತರಕಾರಿ ತರಲು ಹೋಗಿದ್ದಾಗ ಮೂರು ಎಳೆ ಹೊಸೆದು ಸುತ್ತಿಬಿಟ್ಟೆ.

ಯಾರಿಗೂ ಹೇಳಿಲ್ಲ. ಗಿಲ್ಟಿ ಅನ್ನಿಸುತ್ತಿದೆಯಾ? ಸ್ವಲ್ಪ. ಆದರೆ ಬಿಸಿನೀರು!

ಡಿಸೆಂಬರ್ ೧೨, ಶುಕ್ರವಾರ

ಮಾನ್ಯಾಗೆ ಹೆಣ್ಣುಮಗು! ನಾನು ಅತ್ತೆಯಾದೆ!! ಸೋ ಸೋ ಹ್ಯಾಪಿ. ಹೆರಿಗೆಗೆ ಇಲ್ಲಿಗೇ ಬರಬೇಕಿತ್ತು ನಾದಿನಿ, ದಿನಕ್ಕೆ ಮುಂಚೆಯೇ ಆಗಿಹೋಯಿತು. ಪ್ರಯಾಣ ಬೇಡ ಅಂದರಂತೆ ಡಾಕ್ಟರ್. ಹಾಗಾಗಿ ಅತ್ತೆಯೇ ಕಲಬುರಗಿಗೆ ಹೊರಟರು. ಮೆತ್ತನೆಯ ಹಳೆ ಸೀರೆಗಳು, ಹರಳೆಣ್ಣೆ, ಕಡಲೆಹಿಟ್ಟು. ಓಣಿಯ ಎಷ್ಟೋ ಕೂಸುಗಳಿಗೆ ಎರೆದ ಕೈ ಅದು. ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದು ಹೇಗೆ ಅಂತ ದಿಂಬು ಇಟ್ಟುಕೊಂಡು ನನಗೆ ತೋರಿಸಿದರು. ಎಷ್ಟು ಖುಷಿ ಮುಖದಲ್ಲಿ!

ಹೊರಡುವಾಗ ಬೋರ್ಡಿನ ಕಡೆ ನೋಡಿ, ಈ ವಾರ ಫ್ಯೂಸ್ ಹೋಗೇ ಇಲ್ಲವಲ್ಲ ಅಂದರು. ಚಳಿ ಕಡಿಮೆ ಆಯಿತಲ್ಲ ಅತ್ತಿ, ಗೀಸರ್ ಸ್ವಲ್ಪ ಹೊತ್ತೇ ಹಾಕ್ತೀನಿ ಅಂದೆ. ಚಳಿ ಎಲ್ಲಿ ಕಡಿಮೆಯಾಗಿದೆ.

ಹೇಗೂ ಅವರು ಹೋದರಲ್ಲ, ಎಳೆ ತೆಗೆದುಬಿಡುತ್ತೇನೆ. ನಾಳೆಯೇ.

ಡಿಸೆಂಬರ್ ೨೦, ಶನಿವಾರ

ಮನೆಯಲ್ಲಿ ನಾವಿಬ್ಬರೇ. ಬರೆಯಲು ಪುರಸೊತ್ತೇ ಇಲ್ಲ, ಹಿ ಹಿ. ಇವತ್ತು ಕೇಕ್ ಮಾಡಿದೆ — ಓವನ್, ರೂಮ್ ಹೀಟರ್, ಗೀಸರ್ ಎಲ್ಲ ಒಟ್ಟಿಗೇ ಓಡಿತು. ಏನೂ ಆಗಲಿಲ್ಲ. ಕೇಕ್ ತಳ ಹಿಡಿಯಿತೋ ಏನೋ, ಸುಟ್ಟ ವಾಸನೆ. ಹೊರಗಿನಿಂದ ಬರುತ್ತಿದೆ ಅಂದ ಸುಮಂತ.

ಎಳೆ ತೆಗೆದಿಲ್ಲ ಇನ್ನೂ.

ಡಿಸೆಂಬರ್ ೨೨, ಸೋಮವಾರ, ಸಂಜೆ

ಮೇಣದಬತ್ತಿ ಹಚ್ಚಿಟ್ಟುಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಸುಮಂತ ಬ್ಯಾಂಕಿಗೆ ಹೋಗಿದ್ದ. ಬಟ್ಟೆ ನೆನೆಸಲು ಗೀಸರ್ ಹಾಕಿದ್ದೆ. ಪ್ಲಾಸ್ಟಿಕ್ ಸುಟ್ಟ ವಾಸನೆ. ಹಾಲ್‌ಗೆ ಬಂದರೆ ಬೋರ್ಡಿನ ಹಿಂದಿನಿಂದ ಹೊಗೆ. ಕಪ್ಪು ಹೊಗೆ, ಗೋಡೆಗುಂಟ ಮೇಲಕ್ಕೆ. ಕಿರುಚಿದೆ. ಜಯಮ್ಮನವರು ದಡದಡ ಇಳಿದು ಬಂದು ಮೇನ್ ಎಳೆದರು. ಅವರ ಬೆರಳು ಸ್ವಲ್ಪ ಸುಟ್ಟಿತು.

ಮಧ್ಯಾಹ್ನ ಸುಮಂತ ಎಲೆಕ್ಟ್ರಿಷಿಯನ್ನನ್ನು ಕರೆತಂದ. ಬೀದರಿನ ಅಂಬಾದಾಸ, ಇಲ್ಲೇ ಸ್ಟೇಷನ್ ಹತ್ತಿರ ಅಂಗಡಿ. ಬೋರ್ಡಿನ ಮರ ಇದ್ದಿಲಾಗಿದೆ, ಗೋಡೆಯೊಳಗೆ ವೈರಿನ ಹೊದಿಕೆ ಕರಗಿದೆ, ಎಲ್ಲ ಹೊಸದೇ ಆಗಬೇಕು ಅಂದ. ಮನೆಗೆಲ್ಲ ಕರೆಂಟ್ ಕೊಡುವ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದ.

"ಮೂರು ಎಳಿ ಹೊಸದಾರಲ್ರಿ. ಯಾರು ಸುತ್ತಿದ್ದು?"

"ನಮ್ಮವ್ವ," ಅಂದ ಸುಮಂತ. "ಫ್ಯೂಸಿನ ಕೆಲಸ ಎಲ್ಲಾ ಆಕೀದ."

ನಾನು ಟೀ ಹಿಡಿದು ನಿಂತಿದ್ದೆ. ಟೀ ಕೊಟ್ಟೆ. ಸಕ್ಕರೆ ಸಾಕಾ ಅಂತ ಕೇಳಿದೆ.

ಡಿಸೆಂಬರ್ ೨೩, ಮಂಗಳವಾರ

ಸುಮಂತ ಆ ಮೂರು ಎಳೆಯ ಫ್ಯೂಸಿನ ಫೋಟೋ ಅತ್ತೆಗೆ ಕಳಿಸಿದ. ಆಮೇಲೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ, ನಾನು ಪಕ್ಕದಲ್ಲೇ.

"ಎಷ್ಟು ಸರ್ತಿ ಹೇಳೀನಿ ಅವ್ವಾ, ಅದನ್ನ ಮುಟ್ಟಬ್ಯಾಡ ಅಂತ? ಮೂರು ಎಳಿ ಸುತ್ತಿಟ್ಟು ಹೋಗೀದಿ. ಮನ್ಯಾಗ ಶಾಂಭವಿ ಒಬ್ಬಾಕೀನ ಇದ್ಲು."

ಆ ಕಡೆ ಕೂಸು ಅಳುವುದು ಕೇಳಿಸಿತು. ಈಗ ಹೇಳಬೇಕು, ಈಗ, ಅಂದುಕೊಂಡೆ. ಅಷ್ಟರಲ್ಲಿ ಅತ್ತೆ —

"ನಾನ ಸುತ್ತಿರಬೇಕಪ್ಪಾ. ಕಣ್ಣು ಮೊದಲಿನಂಗ ಇಲ್ಲ. ಆಕಿಗೇನೂ ಆಗಿಲ್ಲಲ್ಲ?"

ಏನೂ ಆಗಿಲ್ಲ ಅತ್ತಿ, ಅಂದೆ. ಹೌದು, ನಾನೇ ಅಂದೆ. ಎಷ್ಟು ಸಿಹಿ ದನಿಯಲ್ಲಿ!

ಒಂದು ವೇಳೆ ಅವರಿಗೆ ನಿಜಕ್ಕೂ ತಾವೇ ಸುತ್ತಿದೆವು ಅನ್ನಿಸಿಬಿಟ್ಟಿದ್ದರೆ?

ಡಿಸೆಂಬರ್ ೨೮, ಭಾನುವಾರ

ಹೊಸ ಬೋರ್ಡ್ ಬಂತು. ಬೆಳ್ಳಗೆ, ನಯವಾಗಿ, ಫ್ರಿಜ್ಜಿನ ಮರಿಯ ಹಾಗಿದೆ. ಒಳಗೆ ಎಂಸಿಬಿ ಸ್ವಿಚ್ಚುಗಳ ಸಾಲು. ಲೋಡ್ ಹೆಚ್ಚಾದರೆ ತಾನೇ ಕೆಳಗೆ ಬೀಳುತ್ತದೆ, ಬೆರಳಿನಿಂದ ಮೇಲಕ್ಕೆತ್ತಿದರೆ ಮುಗಿಯಿತು. ಸ್ಟೂಲು ಬೇಡ, ತಂತಿ ಬೇಡ. ಗೀಸರಿಗೆ ಬೇರೆಯದೇ ದಪ್ಪ ವೈರು. ಎಷ್ಟು ಚೆಂದ ಅಂತ ಬರೆಯಲು ಕೂತೆ. ಆಗುತ್ತಿಲ್ಲ.

ಹಳೆ ಬೋರ್ಡ್ ತೆಗೆದಾಗ ಅದರ ಸುತ್ತ ಗೋಡೆಯ ಮೇಲೆ ಕುಂಕುಮದ ಬೊಟ್ಟುಗಳು. ವರ್ಷ ವರ್ಷ ಆಯುಧಪೂಜೆಗೆ ಅತ್ತೆ ಇಟ್ಟದ್ದು. ಮಸಿಯ ಜೊತೆ ಅದನ್ನೂ ಪೇಂಟರ್ ಒಂದೇ ಕೋಟಿನಲ್ಲಿ ಮುಚ್ಚಿದ. ಸ್ಟೂಲು ಯಾಕೆ ಇನ್ನು ಅಂತ ಸುಮಂತ ತಾರಸಿಗೆ ಹಾಕಿ ಬಂದ.

ಜಯಮ್ಮನವರು ಬೋರ್ಡ್ ನೋಡಲು ಬಂದಿದ್ದರು. ಬೆರಳಿಗೆ ಬ್ಯಾಂಡೇಜ್. ಪಾಪ ಗುರುದೇವಿಗೆ ಮರೆವು ಶುರುವಾಯಿತು ಅಂತ ತಾವೇ ನಿಟ್ಟುಸಿರು ಬಿಟ್ಟರು. ನಾನು ಅವರಿಗೂ ಟೀ ಕೊಟ್ಟೆ.

ಜನವರಿ ೪, ಭಾನುವಾರ

ಹೊಸ ವರ್ಷದ ಬಗ್ಗೆ ಏನೂ ಬರೆಯಲಿಲ್ಲ. ಬರೆಯುವಂಥದ್ದೇನಿಲ್ಲ.

ಇವತ್ತು ಮಾನ್ಯಾ ವಿಡಿಯೋ ಕಾಲ್ ಮಾಡಿದ್ದಳು. ಕೂಸಿಗೆ ನೀರು ಹಾಕಬಹುದು ಅಂದರಂತೆ ಡಾಕ್ಟರ್. ಎರೆಯಲು ಸುಗಲಮ್ಮ ಎಂಬ ಹೆಂಗಸು ಬರುತ್ತಾಳಂತೆ. ಅತ್ತೆ ಎರೆಯುವುದಿಲ್ಲವಾ ಅಂತ ಕೇಳಿದೆ. ಮಾನ್ಯಾ ದನಿ ತಗ್ಗಿಸಿದಳು. ಅಣ್ಣ ಹೇಳಿದ್ದ ವೈನಿ, ಅವ್ವಗ ಲಕ್ಷ್ಯ ಉಳಿಯುತ್ತಿಲ್ಲ, ಕುದಿಯುವ ನೀರು, ಎಳೆ ಕೂಸು, ರಿಸ್ಕ್ ಬೇಡ ಅಂತ. ಅವ್ವ ಎಣ್ಣೆ ಬಟ್ಟಲು ಹಿಡಿದು ಕೂತಿದ್ದಳು, ನಾನೇ ಇಸಕೊಂಡೆ ಅಂದಳು.

ಅವಳ ಹಿಂದೆ ಅತ್ತೆ ಕಂಡರು. ಮಂಚದ ತುದಿಯಲ್ಲಿ. ಎರಡೂ ಕೈ ಮಡಿಲಲ್ಲಿ. ಫೋನಿನ ಕಡೆ ನೋಡಲಿಲ್ಲ.

ನಾನು ಒಂದು ಸ್ನಾನ ಮುಚ್ಚಿಡಲು ಹೋದೆ. ಅವರ ಮೊದಲ ಮೊಮ್ಮಗಳ ಸ್ನಾನ ಅವರ ಕೈ ತಪ್ಪಿತು.

ಜನವರಿ ೬, ಮಂಗಳವಾರ

ಹೇಳಬೇಕು ಅಂತ ಸುಮಂತನಿಗೆ ಇಷ್ಟವಾದ ಜೋಳದ ರೊಟ್ಟಿ ಮಾಡಿದೆ. ರೊಟ್ಟಿ ಚೆನ್ನಾಗಿದೆ ಅಂದ. ಹೇಳಲಿಲ್ಲ.

ಜನವರಿ ೮, ಗುರುವಾರ

ಹೇಳಿದೆ.

ಅತ್ತೆ ಫೋನ್ ಮಾಡಿದ್ದರು. ಇಲ್ಲಿ ನನಗೇನು ಕೆಲಸ ಇದೆ, ವಾಪಸ್ ಬರುತ್ತೇನೆ ಅಂದರಂತೆ. ಬಾಣಂತಿ ಮಗಳನ್ನು ಬಿಟ್ಟು! ಫೋನ್ ಇಟ್ಟು ಸುಮಂತ ಯೋಚನೆ ಮಾಡುತ್ತಾ ಹಾಲ್‌ನಲ್ಲಿ ಓಡಾಡಿದ. ಅವ್ವ ಬಂದ ಮೇಲೆ ಗ್ಯಾಸ್ ಮುಟ್ಟಲು ಬಿಡಬಾರದು, ನೀನೇ ನೋಡಿಕೊಳ್ಳಬೇಕು, ಆಕೆಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ... ಹೇಳುತ್ತಲೇ ಇದ್ದ. ಅತ್ತೆಯ ಅಡುಗೆಮನೆ, ಅತ್ತೆಯ ಒಲೆ.

ನಾನು ಸುತ್ತಿದ್ದು ಅಂದೆ. ಮೂರು ಎಳೆ ನಾನು ಸುತ್ತಿದ್ದು.

ಅವನು ಓಡಾಡುವುದನ್ನು ನಿಲ್ಲಿಸಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಫೋನ್ ಸ್ಪೀಕರ್‌ನಾಗ ಇತ್ತು," ಅಂದ. "ನೀ ಬಾಜೂಕ ನಿಂತಿದ್ದಿ. ನಾ ನಮ್ಮವ್ವನ್ನ ಬೈಯಾಕತ್ತಿದ್ದೆ."

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಜನವರಿ ೯, ಶುಕ್ರವಾರ

ಸುಮಂತ ಬೆಳಿಗ್ಗೆ ತಾನೇ ಅತ್ತೆಗೆ ಫೋನ್ ಮಾಡಿದ. ರೂಮಿನ ಬಾಗಿಲು ಹಾಕಿಕೊಂಡ. ಹೊರಗೆ ಬಂದು ಫೋನನ್ನು ನನ್ನ ಕೈಗಿಟ್ಟ. ಅವನ ಕಣ್ಣು ಕೆಂಪಾಗಿತ್ತು.

ಅಳಬಾರದು ಅಂದುಕೊಂಡಿದ್ದೆ. ಅತ್ತಿ ಅನ್ನುವಷ್ಟರಲ್ಲಿ ಅಳು ಬಂತು. ಅವರು ಕಾದರು. ಆಮೇಲೆ ಅಂದರು —

"ಫೋಟೋ ನೋಡಿದ ಕೂಡ್ಲೆ ಗೊತ್ತಾಗಿತ್ತು ನನಗ. ನಾ ಮೂರು ಎಳಿ ಸುತ್ತಾಕಿ ಅಲ್ಲ."

ಮತ್ತೆ ಯಾಕೆ ಒಪ್ಪಿಕೊಂಡಿರಿ ಅಂತ ಕೇಳಿದೆ.

"ಹೊಸದಾಗಿ ಬಂದಾಕಿ. ಮೊದಲನೇ ಬೈಗುಳ ನನಗ ಬೀಳಲಿ, ಎರಡು ದಿನ ಬಿಟ್ಟು ನೀನ ಹೇಳ್ತಿ ಅಂತ ಮಾಡಿದ್ದೆ. ಭಾಳ ದಿನ ಕಾದೆ, ಶಾಂಭವಿ."

ಇದನ್ನು ಬರೆಯುವುದಕ್ಕೆ ಎಷ್ಟು ಹೊತ್ತು ಪೆನ್ ಹಿಡಿದು ಕೂತೆನೋ. ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟಿದ್ದರು. ದಿನಾ ಫೋನ್ ರಿಂಗ್ ಆದಾಗೆಲ್ಲ ಇವತ್ತು ಹೇಳುತ್ತಾಳೆ ಅಂತ ಎತ್ತುತ್ತಿದ್ದರಾ?

ಯಾಕೆ ಸುತ್ತಿದೆ ಅಂತ ಕೇಳಿದರು. ಹೇಳಿದೆ. ಬೆಳಗಿನ ಸ್ನಾನ, ಕತ್ತಲು, ಜಯಮ್ಮನವರ ನಗು, ನಾಚಿಕೆ. ಎಲ್ಲ. ಆ ಕಡೆ ಬಿಕ್ಕಿದ ಹಾಗೆ ಸದ್ದು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಅಷ್ಟಕ್ಕ? ಹುಚ್ಚಿ. ನಮ್ಮ ಕಾಲಕ್ಕ ಹಂಡೆದ ಒಲಿ ಇತ್ತು. ಹೊಗಿ ಎದ್ದ ಕೂಡ್ಲೆ ಓಣಿಗೆಲ್ಲ ಡಂಗುರ. ನಾ ಏನು ಒಲಿ ಒಡದು ಹಾಕಿದ್ನೇನು?"

ನನಗೂ ನಗು ಬಂತು, ಅಳುವಿನ ನಡುವೆಯೇ. ಆಗ ಅವರು ನಗು ನಿಲ್ಲಿಸಿದರು. ನಗುವುದು ಬೇರೆ, ಇದು ಬೇರೆ ಅಂದರು. ಮಾನ್ಯಾಗೆ ನೀನೇ ಹೇಳಬೇಕು, ಸುಮಂತನ ಕೈಲಿ ಹೇಳಿಸಬೇಡ. ಜಯಮ್ಮನಿಗೂ ನೀನೇ ಹೇಳಬೇಕು — ಆಕೆ ನನಗೆ ಫೋನ್ ಮಾಡಿ ಕಣ್ಣಿನ ಡಾಕ್ಟರ್ ಒಬ್ಬರು, ಮರೆವಿನ ಡಾಕ್ಟರ್ ಒಬ್ಬರು, ಇಬ್ಬರ ಹೆಸರೂ ಕೊಟ್ಟಿದ್ದಾಳೆ.

ಆಗಲಿ ಅತ್ತಿ ಅಂದೆ.

ಜನವರಿ ೧೦, ಶನಿವಾರ

ಮಾನ್ಯಾಗೆ ಹೇಳಿದೆ. ಅವಳು ನಗಲಿಲ್ಲ.

"ನೀವು ಸುಮ್ಮನಿದ್ರಿ ವೈನಿ. ನಾ ನಮ್ಮವ್ವನ ಕೈಯಾಗಿಂದ ಎಣ್ಣಿ ಬಟ್ಟಲ ಕಸಗೊಂಡೆ."

ಸಾರಿ ಅಂದೆ. ಆ ಪದ ಎಷ್ಟು ಹಗುರ ಅಂತ ಹೇಳಿದ ಮೇಲೆ ಗೊತ್ತಾಯಿತು. ಫೋನ್ ಕಟ್ ಆಗಿತ್ತು.

ಜನವರಿ ೧೧, ಭಾನುವಾರ

ಮಾನ್ಯಾ ಸುಮಂತನಿಗೆ ಒಂದು ವಿಡಿಯೋ ಕಳಿಸಿದ್ದಾಳೆ. ನನಗೆ ಕಳಿಸಿಲ್ಲ. ಅವನು ನೋಡಿ, ಏನೂ ಹೇಳದೆ, ಫೋನನ್ನು ಊಟದ ಟೇಬಲ್ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟು ಹೋದ.

ಬಚ್ಚಲಲ್ಲಿ ಮಣೆ ಹಾಕಿ ಅತ್ತೆ ಕೂತಿದ್ದಾರೆ. ಕಾಲು ಚಾಚಿ, ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿ. ಕಾಲ ಮೇಲೆ ಕೂಸು, ಎಣ್ಣೆಗೆ ಹೊಳೆಯುತ್ತಿದೆ. ತಂಬಿಗೆಯ ನೀರನ್ನು ಮೊದಲು ತಮ್ಮ ಕಾಲಿಗೆ ಸುರಿದುಕೊಂಡು ನೋಡುತ್ತಾರೆ. ಆಮೇಲೆ ಕೂಸಿಗೆ. ಅದು ಅಳುತ್ತದೆ, ಅವರು ಅದರ ಜೊತೆ ಏನೋ ಮಾತಾಡುತ್ತಾರೆ. ಕೊನೆಯಲ್ಲಿ ಸುಗಲಮ್ಮ ಟವೆಲ್ ಹಿಡಿದು ಬರುತ್ತಾಳೆ.

ಎಷ್ಟು ಸಲ ನೋಡಿದೆನೋ. ಫೋನ್ ವಾಪಸ್ ಕೊಡುವಾಗ ಸುಮಂತನ ಮುಖ ನೋಡಲು ಆಗಲಿಲ್ಲ.

ಜನವರಿ ೧೭, ಶನಿವಾರ

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಮೇಲೆ ಹೋದೆ. ಜಯಮ್ಮನವರಿಗೆ ಹೇಳಬೇಕು ಅಂತಲೇ ಹೋಗಿದ್ದು. ಮನೆ ತುಂಬ ನೆಂಟರು. ಎಳ್ಳುಬೆಲ್ಲ ಕೊಟ್ಟು ಇಳಿದು ಬಂದೆ. ನೆಂಟರು ಇಲ್ಲದಿದ್ದರೂ ಬಹುಶಃ ಹಾಗೇ ಇಳಿದು ಬರುತ್ತಿದ್ದೆ.

ಸುಮಂತ ಈಗ ಮಾತಾಡುತ್ತಾನೆ. ಉಪ್ಪು ಕೊಡು, ಬಾಗಿಲು ಹಾಕಿಕೋ. ಇವತ್ತು ತಾರಸಿಯಿಂದ ಸ್ಟೂಲು ಇಳಿಸಿ ತಂದು, ಒರೆಸಿ, ಹೊಸ ಬೋರ್ಡಿನ ಕೆಳಗೆ ಇಟ್ಟ. ಹಳೆ ಜಾಗದಲ್ಲೇ.

ಜನವರಿ ೨೩, ಶುಕ್ರವಾರ, ಸಂಜೆ

ಅತ್ತೆ ಬೆಳಿಗ್ಗೆ ನನಗೇ ಫೋನ್ ಮಾಡಿದ್ದರು. ಸುಮಂತನಿಗಲ್ಲ, ನನಗೆ! ಡಾಕ್ಟರ್ ಒಪ್ಪಿದ್ದಾರಂತೆ, ಮಾನ್ಯಾ ಮತ್ತು ಕೂಸನ್ನು ಕರೆದುಕೊಂಡೇ ಬರುತ್ತಾರೆ. ಬಾಣಂತನ ಇನ್ನು ಇಲ್ಲಿ. ಕೂಸಿಗೆ ನಿನ್ನ ಗೀಸರಿನ ನೀರಲ್ಲೇ ಎರೆಯುತ್ತೇನೆ, ಹೊಸ ಡಬ್ಬಿ ತಡೆಯುತ್ತದೋ ಇಲ್ಲವೋ ನೋಡಿಡು ಅಂದರು. ನೋಡಿದೆ. ಗೀಸರ್, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಎಲ್ಲ ಒಟ್ಟಿಗೆ ಹಾಕಿದೆ. ಒಂದೂ ಬೀಳಲಿಲ್ಲ. ಕುಣಿಯಲಿಲ್ಲ.

ಫೋನ್ ಇಡುವ ಮುಂಚೆ ಕೇಳಿದರು — "ಜಯಮ್ಮಗ ಹೇಳಿದೇನು?"

ಇಲ್ಲ ಅಂದೆ. ಹ್ಞೂಂ ಅಂದರು. ಅಷ್ಟೇ.

ಯಾರ ನಗುವಿಗೆ ಹೆದರಿ ಸುತ್ತಿದೆನೋ ಅವರ ಮುಂದೆಯೇ ನಿಂತು, ನಿಮ್ಮ ನಗುವಿಗೆ ಹೆದರಿ ಅಂತ ಹೇಳಬೇಕು. ಅವರ ಬೆರಳಿನ ಮೇಲೆ ಆ ಕಲೆ ಹಾಗೇ ಇದೆ. ಅವರು ನಗುತ್ತಾರೆ, ಗೊತ್ತು. ಮೆಟ್ಟಿಲ ಮೇಲೆ ನಿಂತು ಓಣಿಗೆಲ್ಲ ಕೇಳಿಸುವ ಹಾಗೆ. ನಗಲಿ. ಓಣಿಗೆ ಅತ್ತೆಯ ಕಣ್ಣು, ಅತ್ತೆಯ ಕೈ ಸರಿಯಿದೆ ಅಂತ ಗೊತ್ತಾಗಬೇಕಾದರೆ ಬೇರೆ ದಾರಿ ಇಲ್ಲ.

ಮೇಲೆ ಜಯಮ್ಮನವರ ಬಾಗಿಲು ತೆರೆದಿದೆ. ಕುಕ್ಕರ್ ಕೂಗುತ್ತಿದೆ, ಒಬ್ಬರೇ ಇದ್ದಾರೆ. ಈಗ ಹೋಗದಿದ್ದರೆ ಇನ್ನು ಹೋಗುವುದಿಲ್ಲ. ನಾಳೆ ಶನಿವಾರ, ಅತ್ತೆ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್‌ಗೆ ಬಂದಿಳಿಯುತ್ತಾರೆ. ಉಳಿದದ್ದು ಆಮೇಲೆ, ಮೆಟ್ಟಿಲು ಹತ್ತುತ್ತೇನೆ.