ಎಡಗೈ ಎಳೆದ ಗೀರುಗಳು

ಗಜೇಂದ್ರಗಡ
೨-೧೨-೨೦೦೭, ಭಾನುವಾರ

ಪ್ರೀತಿಯ ಅಬ್ಬಾ,

ನಿಮ್ಮ ಗುಲ್ಷನಳ ಸಲಾಂ. ಆಪರೇಷನ್ ಆದ ಕಣ್ಣು ಈಗ ಹೇಗಿದೆ? ನೀರು ಸುರಿಯುವುದು ನಿಂತಿತೇ? ಡಾಕ್ಟರು ಎರಡು ಹನಿ ಎಂದರೆ ಎರಡೇ ಹನಿ ಹಾಕಿಕೊಳ್ಳಬೇಕು, ಲಗೂ ಗುಣವಾಗಲೆಂದು ಅರ್ಧ ಬಾಟಲಿ ಸುರಿದುಕೊಳ್ಳಬಾರದು. ಭಾಭಿ ಮೀನು ಹುರಿಯುವಾಗ ಒಲೆಯ ಹತ್ತಿರ ಸುಳಿಯಬೇಡಿ. ನೀವಿರುವ ಆಫ್ತಾಬ ಭಾಯಿಯ ಮನೆಗೆ ಫೋನ್ ಮಾಡಿಯೇ ಎಲ್ಲ ಹೇಳಬಹುದಿತ್ತು. ಆದರೆ ಸಿಟ್ಟು ಬಂದರೆ ನೀವು ಮಾತಿನ ನಡುವೆಯೇ ಫೋನ್ ಇಟ್ಟುಬಿಡುತ್ತೀರಿ. ತಿಂಗಳತನಕ ಅಕ್ಷರ ಓದಬಾರದೆಂದು ಡಾಕ್ಟರು ಹೇಳಿರುವುದರಿಂದ ಈ ಪತ್ರ ಮೊಮ್ಮಗಳ ಕೈಯಲ್ಲಿರುತ್ತದೆ, ನೀವು ಕೇಳಲೇಬೇಕು. ಸಾನಿಯಾ, ಒಂದು ಸಾಲೂ ಬಿಡದೆ ಓದು. ದಾದಾ ಸಾಕು ಎಂದರೂ ನಿಲ್ಲಿಸಬೇಡ.

ಹೋದ ವಾರ ಫೋನಿನಲ್ಲಿ ನೀವು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಬಕ್ರೀದ್ ಒಳಗ ಕಂಪ್ಯೂಟರ್ ಮಾರಿಬಿಡು, ನರಗುಂದದ ಸಾಜೀದಗ ಮಾತ ಕೊಟ್ಟೀನಿ. ಫೋಟೋ ಸ್ಟುಡಿಯೋಕ್ಕ ಕೀಲಿ ಹಾಕು. ನಮ್ಮ ಮನಿ ಹೆಣ್ಮಕ್ಕಳು ಎಂದೂ ಆ ಕುರ್ಚಿ ಮ್ಯಾಲ ಕೂತವರಲ್ಲ." ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತುಬಳಸಿ ಮಾತಾಡಿದಳು ಎನ್ನಬೇಡಿ. ಮಾರುವುದಿಲ್ಲ. ಏಕೆಂಬುದನ್ನು ಸಮಾಧಾನದಿಂದ ಬರೆಯಬೇಕೆಂದು ಕುಳಿತಿದ್ದೇನೆ, ಸಮಾಧಾನ ಎಷ್ಟು ಹೊತ್ತು ಉಳಿಯುತ್ತದೋ ಗೊತ್ತಿಲ್ಲ.

ನೇಕಾರರ ಓಣಿಯ ತಿಪ್ಪವ್ವ ನಿಮಗೆ ಗೊತ್ತಲ್ಲ, ಮಗ್ಗದ ಮೇಲೆ ಕೂತೇ ಕೂದಲು ಬೆಳ್ಳಗಾದವಳು. ತನ್ನ ಮೊಮ್ಮಗಳು ನೀಲಾಳ ಮದುವೆಗೆ ಮುಂಚೆ ಒಂದು ದೊಡ್ಡ ಫೋಟೋ ಮಾಡಿಸಲು ಬಂದಿದ್ದಳು. ನಾನು ಹೊಸದಾಗಿ ಕಲಿತ ವಿದ್ಯೆಯನ್ನೆಲ್ಲ ಆ ಹುಡುಗಿಯ ಮೇಲೆ ಸುರಿದೆ. ಮುಖ ನಯ ಮಾಡಿದೆ, ಮಚ್ಚೆ ಅಳಿಸಿದೆ, ಅವರದೇ ಸೀರೆಯ ಸೆರಗನ್ನು ಸ್ಕ್ಯಾನ್ ಮಾಡಿ ಹಿಂದಿನ ಪರದೆಗೆ ಆ ನೇಯ್ಗೆಯನ್ನೇ ಹೊದಿಸಿದೆ, ಎಡಗಡೆಯಿಂದ ದೀಪದ ಬೆಳಕು ಬಿದ್ದಂತೆ ಮಾಡಿದೆ. ತಿಪ್ಪವ್ವ ಫೋಟೋವನ್ನು ಬಾಗಿಲಿಗೆ ಒಯ್ದು ನೋಡಿ, ವಾಪಸು ತಂದು ಟೇಬಲ್ ಮೇಲಿಟ್ಟಳು. "ಹಿಂದಿನ ಸೆರಗಿನ ಎಳಿ ಎಣಸಾಕ ಬರತೈತಿ ತಂಗಿ. ಮಾರಿ ನೋಡಿದ್ರ ಮೈದಾಹಿಟ್ಟಿನ ಗೊಂಬಿ ಆಗೈತಿ. ಮತ್ತ ದೀಪ ಈ ಕಡೆ ಐತಿ, ಮೂಗಿನ ನೆರಳೂ ಈ ಕಡೇನ ಬಿದ್ದೈತಲ್ಲ, ಅದ್ಹ್ಯಾಂಗ?" ಎಂದಳು. ಫೋಟೋ ವಾಪಸು ತೆಗೆದುಕೊಂಡೆ. ಒಂದು ವಾರ ಕೊಡಿ ಎಂದು ಕೇಳಿಕೊಂಡೆ.

ಚರ್ಮ ಚರ್ಮದಂತೆಯೇ ಉಳಿದು, ಮುಖ ಮಾತ್ರ ಬೆಳಗುವುದು ಹೇಗೆ? ಅದನ್ನು ಕಲಿಯಬೇಕೆಂದೇ ನಿಮ್ಮ ತಗಡಿನ ಪೆಟ್ಟಿಗೆ ತೆಗೆದೆ. ಕೇಳದೆ ತೆಗೆದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಗದಗಿನಲ್ಲಿ ನಿಮಗೆ ಬಹುಮಾನ ತಂದ, ಮುದುಕ ರಮಜಾನಸಾಬರ ಚಿತ್ರದ ನೆಗೆಟಿವ್ ಅದರಲ್ಲಿತ್ತು. ಊರಿಗೆ ಊರೇ ಹೊಗಳಿದ್ದು ಅದನ್ನೇ ಅಲ್ಲವೇ, ಮುದುಕರ ಮುಖದ ಒಂದು ಸುಕ್ಕೂ ಕಳೆದಿಲ್ಲ, ಒಂದೂ ಹೆಚ್ಚಾಗಿಲ್ಲ ಎಂದು! ಅದನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ. ಕಂಪ್ಯೂಟರಿನಲ್ಲೇ ಒಂದು ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ಉಬ್ಬುತಗ್ಗು ಹೆಚ್ಚಿಸುತ್ತ ಹೋದಂತೆ, ಸಂಜೆ ಬಿಸಿಲಿಗೆ ಎರೆಹೊಲದ ಸಾಲು ಕಾಣುವ ಹಾಗೆ, ಕೆನ್ನೆಯ ಮೇಲೆ, ಮುಖ ಬೆಳಗಲೆಂದು ನೆಗೆಟಿವ್ ಮೇಲೆಯೇ ಪೆನ್ಸಿಲ್ಲಿನಿಂದ ತಿದ್ದಿದ ಗೀರುಗಳು ಎದ್ದು ಕಂಡವು. ನೀವು ನೆಗೆಟಿವ್ ತಿದ್ದುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಿಮ್ಮ ಗೀರು ಯಾವಾಗಲೂ ಒಂದೇ ಕಡೆ ವಾಲುತ್ತದೆ. ಇವು ಅದಕ್ಕೆ ಪೂರ್ತಿ ಉಲ್ಟಾ ವಾಲಿದ್ದವು.

ನೆಗೆಟಿವ್ ಮಗುಚಿ ಇಟ್ಟಿರಬೇಕು ಎಂದುಕೊಂಡೆ. ಆದರೆ ರಮಜಾನಸಾಬರ ಅಂಗಿಯ ಜೇಬು ಅವರ ಎಡ ಎದೆಯ ಮೇಲೇ ಇತ್ತು, ಚಿತ್ರ ಸರಿಯಾಗಿಯೇ ಇತ್ತು. ಪೆಟ್ಟಿಗೆಯಲ್ಲಿದ್ದ ಬೇರೆಯವನ್ನೂ ನೋಡಿದೆ. ನೀವು ಗೋಡೆಗೆ ಹಾಕಿರುವ ಹನ್ನೊಂದು ಚಿತ್ರಗಳಲ್ಲಿ ಒಂಬತ್ತರ ಗೀರು ಉಲ್ಟಾ. ಅಬ್ಬಾ, ನಮ್ಮ ಮನೆಯಲ್ಲಿ ಎಡಗೈಯವರು ಒಬ್ಬರೇ. ಎಡಗೈಯಿಂದ ತುತ್ತು ಎತ್ತಿದ್ದಕ್ಕೆ ತನ್ನ ಅತ್ತೆ ಹಸನಬಿಯ ಕೈಲಿ ಬೆರಳು ಸುಡಿಸಿಕೊಂಡು, ಜನರ ಮುಂದೆ ಇವತ್ತಿಗೂ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ನನ್ನ ಅಮ್ಮಿ.

ರೊಟ್ಟಿ ಬಡಿಯುತ್ತಿದ್ದಳು. ಕೇಳಿದೆ. ಹಂಚಿನ ಮೇಲಿನ ರೊಟ್ಟಿ ಮಗುಚಿ, "ನಿಮ್ಮ ಅಬ್ಬಾಗ ಆವಾಗನ ಕೈ ನಡಗತಿತ್ತು. ಇಪ್ಪತ್ತ ವರ್ಷ, ನೀವು ಸಾಲಿಗೆ ಹೋದಮ್ಯಾಲ, ಹಿಂದಿನ ಕಿಡಕ್ಯಾಗ ಕೂತು ನಾಜೂಕಿನ ಚಿತ್ರ ನಾನ ತಿದ್ದತಿದ್ದೆ. ಯಾರ ಮುಂದೂ ಅನ್ನಬ್ಯಾಡ, ಮರ್ಯಾದಿ ಪ್ರಶ್ನಿ" ಎಂದಳು. ಯಾರ ಮರ್ಯಾದೆ ಎಂದು ಕೇಳಿದರೆ ಹಿಟ್ಟಿನ ಕೈ ಒದರಿ ಎದ್ದು ಹೋದಳು. ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ, ಭಾಳ ಬಂದಿದೆ. ನಿಮ್ಮ ಕೈ ನಡುಗಿದ್ದಕ್ಕಲ್ಲ. ಇಪ್ಪತ್ತು ವರ್ಷ ಕಿಟಕಿಯಲ್ಲಿ ಕೂತವಳನ್ನು ಎಂದೂ ಕೂತೇ ಇಲ್ಲ ಎಂದಿರಲ್ಲ, ಅದಕ್ಕೆ. ಸಾನಿಯಾ, ಇದು ನಿನ್ನ ದಾದಿಯ ಮಾತು, ಗಟ್ಟಿಯಾಗಿ ಓದು.

ಕಂಪ್ಯೂಟರ್ ಮೋಸದ ಪೆಟ್ಟಿಗೆ ಎನ್ನುತ್ತೀರಿ. ಪೆನ್ಸಿಲ್ಲು ಮೋಸವಲ್ಲದಿದ್ದರೆ ಇದೂ ಅಲ್ಲ. ಬೆಳಕು ಎಲ್ಲಿಂದ ಬಂದಿದೆಯೋ ನೆರಳು ಅದರ ಆಚೆ ಬೀಳಬೇಕು, ಚರ್ಮದ ಮೇಲಿನದು ಚರ್ಮದ ಮೇಲೆಯೇ ಉಳಿಯಬೇಕು, ಅಷ್ಟೇ ತಾನೇ ನಿಮ್ಮ ವಿದ್ಯೆಯೂ? ನೀಲಾಳ ಫೋಟೋ ಮತ್ತೆ ಮಾಡಿದೆವು. ಮಚ್ಚೆ ವಾಪಸು ಬಂತು, ದೀಪ ಬಲಗಡೆಗೆ ಹೋಯಿತು. ತಿಪ್ಪವ್ವ ಮತ್ತೆ ಬಾಗಿಲಿಗೆ ಒಯ್ದು ನೋಡಿ, "ಈಗ ನಮ್ಮ ಕೂಸು ಆತು" ಎಂದಳು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಗದಗಿನಲ್ಲೂ ಸಿಗುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ, ಕರಿ ಕನ್ನಡಕ ಇಲ್ಲದೆ ಬಿಸಿಲಿಗೆ ಹೋಗಬೇಡಿ. ಭಾಯಿ, ಭಾಭಿಗೆ ಸಲಾಂ, ಸಾನಿಯಾಗೆ ಮುತ್ತು. ಅಲ್ಲಾಹನು ನಿಮ್ಮ ಎರಡೂ ಕಣ್ಣಿಗೆ ಪೂರ್ತಿ ಬೆಳಕು ಕೊಡಲಿ ಎಂದು ಐದು ಹೊತ್ತೂ ಬೇಡುತ್ತೇನೆ. ಸಿಟ್ಟಿದ್ದರೂ ಬೇಡುತ್ತೇನೆ.

ನಿಮ್ಮ ಮಾತು ಕೇಳದ ಮಗಳು,
ಗುಲ್ಷನ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನರಗುಂದದ ಸಾಜೀದ ಕಂಪ್ಯೂಟರ್ ಒಯ್ಯಲು ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ, ಅಲ್ಲಿಂದಲೇ ಎಲ್ಲ ಕಂಡಿತು. ನಿಮ್ಮ ಕುರ್ಚಿಯಲ್ಲಿ ಅಮ್ಮಿ ಇದ್ದಳು. ಮೇಲೆ "ಮಾಡಿದೆವು" ಎಂದು ಬರೆದದ್ದು ನೀವು ಗಮನಿಸಿರಬೇಕು. ನೀಲಾಳ ಮುಖ ತಿದ್ದಿದ್ದು ನಾನಲ್ಲ, ಅವಳು. ಮೌಸನ್ನು ಎಡಗೈಗೆ ಹೊಂದಿಸಿಕೊಟ್ಟಿದ್ದೇನೆ. ಪರಗಂಡಸು ಒಳಗೆ ಬಂದರೂ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ, ಅಬ್ಬಾ. "ಕೆಲಸ ನಡದೈತಿ. ಮಾರೂದಿಲ್ಲ, ಹೋಗಿ ಬರ್ರಿ" ಎಂದು ಕಳಿಸಿಬಿಟ್ಟಳು. ನೀವು ಬಂದಾಗ ಗಿರಾಕಿಯ ಸ್ಟೂಲಿನ ಮೇಲೆ ಕೂಡಬೇಕಾಗುತ್ತದೆ. ಕುರ್ಚಿಯಿಂದ ಅವಳು ಏಳುವುದಿಲ್ಲವಂತೆ.