ಅಪ್ಪ ಕೆಳಗಿಳಿಸಿದ ಬಿಸಿಲು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 10.20

ಒಂಬತ್ತನೇ ಸಮಾಧಿ. ಹದಿನಾಲ್ಕು ಮೆಟ್ಟಿಲು ಕೆಳಗೆ. ಟ್ರೈಪಾಡ್ ನಿಲ್ಲಿಸಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ಶಟರ್ ತೆರೆದು ಮೂಲೆಯಲ್ಲಿ ಕೂತಿದ್ದೇನೆ. ಆರು ನಿಮಿಷ ಅದು ತೆರೆದೇ ಇರಬೇಕು. ಬರೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಬೆಳಕು ಅಪ್ಪನದು. ಮೇಲೆ, ಮೆಟ್ಟಿಲ ಬಾಯಲ್ಲಿ, ತಮ್ಮ ಹಳೇ ಸ್ಟುಡಿಯೋದ ಕನ್ನಡಿ ಹಿಡಿದು ನಿಂತಿದ್ದಾರೆ. ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದ ಕನ್ನಡಿ. ಒಂದು ಮೂಲೆ ಚಕ್ಕೆ ಎದ್ದಿದೆ. ಅದರಿಂದ ಬಿಸಿಲನ್ನು ಕೆಳಗಿಳಿಸಿ ಕಲ್ಲಿನ ಮೇಲೆ ನಿಧಾನ ಸವರುತ್ತಾರೆ. ಫ್ಲ್ಯಾಶ್ ಹೊಡೆದರೆ ಕಲ್ಲು ಚಪ್ಪಟೆ. ಓರೆಯಾಗಿ ಬಿದ್ದ ಬಿಸಿಲಿಗೆ ಮಾತ್ರ ಸವೆದ ಅಕ್ಷರ ಎದ್ದು ಬರುತ್ತದೆ. ಇದು ಅಪ್ಪನದೇ ಐಡಿಯಾ. ನಿಜವೂ ಹೌದು.

ಈ ಹಳೇ ಸ್ಮಶಾನದಲ್ಲಿ ಇಂಥ ನೆಲಮಾಳಿಗೆ ಸಮಾಧಿಗಳು ಒಟ್ಟು ಇಪ್ಪತ್ತು. ಕೇಳುವವರಿಲ್ಲ. ಇದೇ ಇಪ್ಪತ್ತನೇ ತಾರೀಕು ಎಲ್ಲ ಬಾಗಿಲಿಗೂ ಇಟ್ಟಿಗೆ ಕಟ್ಟಿ ಮುಚ್ಚುತ್ತಾರಂತೆ. ಅಷ್ಟರೊಳಗೆ ಒಂದೊಂದು ಹೆಸರಿನ ಫೋಟೋವೂ ದಾಖಲೆಗೆಂದು ಸ್ಮಶಾನದ ಆಫೀಸಿಗೆ ತಲುಪಬೇಕು.

"ಅಲ್ಲಾಡಬೇಡ!" ಮೇಲಿನಿಂದ.

"ನಾನು ಫೋಟೋದಲ್ಲಿಲ್ಲ ಅಪ್ಪಾ."

"ಆದ್ರೂ ಅಲ್ಲಾಡಬೇಡ. ನಿನ್ನ ಹಣೆಬರಹ ನಂಗೊತ್ತಿಲ್ವಾ?"

ಊರವರ ಮಕ್ಕಳನ್ನೆಲ್ಲ ನಲವತ್ತು ವರ್ಷ ನೆಟ್ಟಗೆ ಕೂರಿಸಿ ಫೋಟೋ ತೆಗೆದವರು. ಸ್ವಂತ ಮಗಳದು ಒಂದೂ ಸರಿಯಾಗಿ ಬಂದಿಲ್ಲ. ಆಲ್ಬಂ ತುಂಬ ನನ್ನ ಫ್ರಾಕ್ ಇದೆ, ಅಲ್ಲಾಡಿದ ಮುಖದ ಜಾಗದಲ್ಲಿ ಹೊಗೆ.

ಮಾರ್ಚ್ 5, ಗುರುವಾರ

ಹತ್ತನೆಯದು. ಇಲ್ಲಿ ಹೆದರಿಕೆ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ನಿದ್ದೆ ಬರುತ್ತದೆ. ಮಧ್ಯಾಹ್ನ ಊಟ ಮಾಡಿ ಎಲ್ಲರೂ ಮಲಗಿರುವ ಮನೆಗೆ ನೆಂಟಳಾಗಿ ಬಂದ ಹಾಗೆ... ಚಪ್ಪಲಿ ಸದ್ದು ಮಾಡದೆ ನಡೆಯಬೇಕು ಅನ್ನಿಸುತ್ತದೆ. ಒಮ್ಮೊಮ್ಮೆ ನಾನೂ ಇವರ ಪೈಕಿಯೇ, ಎದ್ದು ನೀರು ಕುಡಿಯಲು ಬಂದಿದ್ದೇನೆ, ಅಷ್ಟೇ.

ಬೀಗ ತೆಗೆದುಕೊಡುವ ಹೆಂಗಸಿಗೆ ಅಪ್ಪ ಕೀಲಿಯಮ್ಮ ಅಂತ ಹೆಸರಿಟ್ಟಿದ್ದಾರೆ. ಆಕೆ ಇವತ್ತು ನನ್ನ ಕಿವಿಯ ಹತ್ತಿರ ಬಂದು, "ಏನಮ್ಮಾ, ನಿಮ್ಮಪ್ಪ ಕೆಳಗೆ ನೋಡೋದೇ ಇಲ್ವಲ್ಲ. ಬಿಸಿಲಿಗೆ ಕೆನ್ನೆ ಒಡ್ಡಿ ಒಡ್ಡಿ ಕನ್ನಡಿ ತಿರುಗಿಸ್ತಾರೆ. ಏನು ಮಂತ್ರಗಿಂತ್ರ ಕಲ್ತಿದಾರಾ?" ಅಂದಳು.

ನಕ್ಕುಬಿಟ್ಟೆ.

ಮಾರ್ಚ್ 9, ಸೋಮವಾರ. ಸಂಜೆ

ಹನ್ನೊಂದನೆಯದು. ಗಂಡ-ಹೆಂಡತಿಯ ಕಲ್ಲು. ಎಡಗಡೆ ಗಂಡನ ಹೆಸರು. ಬಲಗಡೆ ಹೆಂಡತಿಗೆಂದು ನುಣ್ಣಗೆ ಉಜ್ಜಿಟ್ಟ ಜಾಗ, ಖಾಲಿ. ಆಕೆ ಬರಲೇ ಇಲ್ಲ. ಬೇರೆ ಊರಲ್ಲಿ ತೀರಿಕೊಂಡಳೋ, ಮತ್ತೊಬ್ಬನನ್ನು ಮದುವೆಯಾದಳೋ. ಯಾರಿಗೋ ಇಷ್ಟು ವರ್ಷ ಜಾಗ ಹಿಡಿದಿಟ್ಟು ಕಾಯುವುದೆಂದರೆ...

"ಹೆಸರು ಚೆನ್ನಾಗಿ ಬಿತ್ತಲ್ವಾ?" ಅಂತ ಅಪ್ಪ ಕೂಗಿದರು. ಕಲ್ಲಿಗೆ ಬೆನ್ನು ಹಾಕಿ ಇನ್ನೊಂದು ಲೆನ್ಸ್ ಒರೆಸುತ್ತಿದ್ದೆ. ಹೂಂ ಅಂದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಹೆಸರೇ ಇಲ್ಲ. ಎಡಗಡೆ ಕಗ್ಗತ್ತಲು. ಬಿಸಿಲೆಲ್ಲ ಖಾಲಿ ಜಾಗದ ಮೇಲೆ.

ಹತ್ತನೆಯದು ತೆಗೆದೆ. ಬೆಳಕು ಒಂದು ಗೇಣು ಜಾರಿದೆ. ಒಂಬತ್ತನೆಯದರಲ್ಲಿ ನಾಲ್ಕು ಬೆರಳು. ಒಂದನೆಯದರಲ್ಲಿ ಕೂದಲೆಳೆಯಷ್ಟೂ ಇಲ್ಲ.

ಕೆನ್ನೆ ಒಡ್ಡಿ ಒಡ್ಡಿ.

ಅಪ್ಪನಿಗೆ ಕಾಣುತ್ತಿಲ್ಲ. ಸೂರ್ಯ ಎಲ್ಲಿದ್ದಾನೆಂದು ಚರ್ಮಕ್ಕೆ ತಾಗುವ ಬಿಸಿಯಿಂದ ಅಂದಾಜು ಹಾಕುತ್ತಿದ್ದಾರೆ.

ಮಾರ್ಚ್ 10, ಮಂಗಳವಾರ. ಬೆಳಿಗ್ಗೆ 7

ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತು ನೋಡಿದೆ. ಅಪ್ಪ ಚಹಾ ಬಗ್ಗಿಸುವಾಗ ಲೋಟದೊಳಗೆ ಬೆರಳು ಇಳಿಬಿಟ್ಟಿದ್ದರು. ಬಿಸಿ ತಾಗಿದ ಕೂಡಲೇ ನಿಲ್ಲಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ. ಎಷ್ಟು ದಿನದ ಅಭ್ಯಾಸವೋ. ಒಂದೇ ಸೂರಿನಡಿ ಇದ್ದೇನೆ. ಕ್ಯಾಮೆರಾ ಹಿಡಿದು ಊರು ತಿರುಗುತ್ತೇನೆ. ನಾಚಿಕೆಯಾಯಿತು.

ಕೇಳಿಯೇಬಿಟ್ಟೆ.

"ಅಪ್ಪಾ, ಕಣ್ಣು ತೋರಿಸೋಣ."

"ತೋರಿಸಿದ್ದಾಯ್ತು. ಹೋದ ವರ್ಷವೇ." ಲೋಟ ನನ್ನ ಕಡೆ ತಳ್ಳಿದರು. "ನಡುವೆಲ್ಲ ಕಪ್ಪು. ಓರೆಯಲ್ಲಿ ಇಷ್ಟಿಷ್ಟು ಕಾಣತ್ತೆ. ಹೋಗಿದ್ದು ಬರಲ್ವಂತೆ. ಉಳಿದಿದ್ದೂ ಈ ವರ್ಷದೊಳಗೆ ಹೋಗತ್ತಂತೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕನ್ನಡಿ ಕಿತ್ಕೊಂಡು ಮನೇಲಿ ಕೂರಿಸ್ತಿದ್ದೆ."

ಇಲ್ಲ ಅನ್ನಲು ಬಾಯಿ ತೆರೆದೆ. ಸುಳ್ಳು ಹೊರಡಲಿಲ್ಲ. ಕೂರಿಸುತ್ತಿದ್ದೆ.

ಅದೇ ದಿನ, ಮಧ್ಯಾಹ್ನ 3

ಆಫೀಸಿನಿಂದ ಫೋನು. ಸ್ಥಳದಿಂದಲೇ ಕಳಿಸಿದ್ದ ಕೊನೆಯ ಮೂರು ಫೋಟೋ ವಾಪಸ್. "ಹೆಸರು ಎಲ್ಲಿದೆ ಮೇಡಂ? ಖಾಲಿ ಕಲ್ಲು ಇಟ್ಕೊಂಡು ನಾವೇನು ಮಾಡೋಣ?" ನಾಳೆಯಿಂದ ಬ್ಯಾಟರಿ ಲೈಟಿನವನನ್ನು ಕಳಿಸುತ್ತಾರಂತೆ. ಆಯಿತು ಅಂದೆ. ಜಗಳವಾಡಲಾಗಲಿಲ್ಲ.

ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಸಂಜೆ ನೋಡಿದರೆ ಕನ್ನಡಿಯ ಮುಖ ಗೋಡೆಗೆ ತಿರುಗಿದೆ.

ಮಾರ್ಚ್ 17, ಮಂಗಳವಾರ

ಇಪ್ಪತ್ತೂ ಮುಗಿಯಿತು. ಲೈಟಿನವನು ಚುರುಕು, ಮಾತೂ ಕಡಿಮೆ. ಎಲ್ಲ ಹೆಸರೂ ಓದಬಹುದು, ಬೆರಳಿಟ್ಟು ತೋರಿಸಲು ಒಂದೂ ತಪ್ಪಿಲ್ಲ. ಆಫೀಸಿನವರು ಖುಷ್. ಗುರುತಿನ ಚೀಟಿಗೆ ತೆಗೆದ ಹಾಗಿವೆ. ಯಾರನ್ನೋ ನಿದ್ದೆಯಿಂದ ಎಬ್ಬಿಸಿ ನಿಲ್ಲಿಸಿದ ಹಾಗೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮುಖ ಓರೆ ಮಾಡಿ ನನ್ನನ್ನೇ ನೋಡುತ್ತಿದ್ದರು. ಏನಪ್ಪಾ ಅಂದೆ.

"ಏನಿಲ್ಲ. ನೀನು ಹೇಗಿದೀಯ ಅಂತ ಜ್ಞಾಪಕ ಇಟ್ಕೋತಿದೀನಿ. ಆಲ್ಬಂ ನೆಚ್ಚಿಕೊಂಡ್ರೆ ಆಗಲ್ಲವಲ್ಲ."

ತಮಾಷೆಗೆ ಅಂದದ್ದೇ. ನಾನು ದೀಪದ ಕಡೆ ಮುಖ ಮಾಡಿ ಕೂತೆ.

ಮಾರ್ಚ್ 19, ಗುರುವಾರ. ಬೆಳಿಗ್ಗೆ 9.50

ನಾಳೆ ಇಟ್ಟಿಗೆ. ಬಾಗಿಲ ಪಕ್ಕ ಆಗಲೇ ರಾಶಿ ಬಿದ್ದಿದೆ. ಕೀಲಿಯಮ್ಮನ ಕೈಕಾಲು ಹಿಡಿದು ಹನ್ನೊಂದನೆಯದರ ಬೀಗ ಇನ್ನೊಮ್ಮೆ ತೆಗೆಸಿದೆ. ಅಪ್ಪನನ್ನು ಎಬ್ಬಿಸಿ, "ಏಳಿ, ಒಂದು ಫೋಟೋ ಬಾಕಿಯಿದೆ" ಅಂದಿದ್ದಷ್ಟೇ. ಯಾರದೆಂದು ಕೇಳಲಿಲ್ಲ. ಕನ್ನಡಿ ಒರೆಸಿಕೊಂಡು ನನಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದರು.

ಶಟರಿನ ರಿಮೋಟ್ ಅಪ್ಪನ ಕೈಗೇ ಕೊಟ್ಟಿದ್ದೇನೆ. ಕ್ಯಾಮೆರಾ ಖಾಲಿ ಜಾಗದ ಕಡೆ ತಿರುಗಿದೆ. ಅದರ ಕೆಳಗೆ, ಕಲ್ಲಿಗೊರಗಿ ನಾನು. ಕಲ್ಲು ತಣ್ಣಗಿದೆ. ಇಷ್ಟು ಕಾಲ ಕಾದದ್ದಕ್ಕೆ ಯಾರಾದರೂ ಒಬ್ಬರು ಬಂದು ಕೂರಬೇಕಿತ್ತು ಅನ್ನಿಸುತ್ತಿದೆ.

ಬಿಸಿಲು ಇಳಿಯಿತು. ಮೊದಲು ಮೆಟ್ಟಿಲು. ಆಮೇಲೆ ಗಂಡನ ಹೆಸರು, ಒಂದು ಕ್ಷಣ. ಈಗ ನನ್ನ ಪಾದ.

"ಎಲ್ಲಿ ಬಿದ್ದಿದೆ?"

"ಬಲಕ್ಕೆ ಸ್ವಲ್ಪ ಅಪ್ಪಾ. ಇನ್ನೂ ಮೇಲೆ... ಸಾಕು."

ಮೊಣಕಾಲು. ಈ ಪುಟ. ಅಕ್ಷರ ಕಣ್ಣು ಕುಕ್ಕುತ್ತಿದೆ. ಕುತ್ತಿಗೆ ಬೆಚ್ಚಗಾಯಿತು, ಈಗ ಕೆನ್ನೆ. ಹೀಗೇ ಇರಬೇಕು ಅಪ್ಪನಿಗೂ.

"ಹೇಳು, ಯಾರ ಹೆಸರಿನ ಮೇಲಿದೆ?"

"ನನ್ನ ಮುಖದ ಮೇಲಿದೆ ಅಪ್ಪಾ."

ಬೆಳಕು ಒಮ್ಮೆ ನಡುಗಿತು. ಆಮೇಲೆ ಸ್ಟುಡಿಯೋದ ಆ ದನಿ, ಎಷ್ಟು ವರ್ಷದ ಮೇಲೆ...

"ಗಲ್ಲ ಸ್ವಲ್ಪ ಮೇಲೆ. ಹಾಂ. ನಾಳೆಯೇ ದೊಡ್ಡದಾಗಿ ಪ್ರಿಂಟ್ ಹಾಕಿಸು, ಗೋಡೆಯಷ್ಟು. ಓರೆಯಲ್ಲಿ ನೋಡ್ತೀನಿ. ಮೂರು ಎಣಿಸ್ತೀನಿ. ಅಲ್ಲಾಡಬೇಡ."

ಇಲ್ಲ ಅಪ್ಪಾ. ಆರು ನಿಮಿಷ. ಉಸಿರೂ ಮೆಲ್ಲಗೆ.

ಒಂದು ಅಂದರು.

ಬರೆಯುತ್ತಿದ್ದರೆ ಕೈ ಹೊಗೆಯಾಗುತ್ತದೆ.

ಎರಡು. ಪೆನ್ನು ಕೆಳಗಿಡುತ್ತಿದ್ದೇ...