ಎರಡೂವರೆ ನಿಮಿಷದ ಹಾಡಿಗೆ ಒಂದು ಉಪಸಮಿತಿ

ನಗರದ ಕ್ರೈಸ್ತ ಸಭೆಗಳ ಐಕ್ಯ ಸಮಿತಿಯ ಸಂಚಾಲಕರಿಗೆ

ಮಾನ್ಯರೇ,

ನನ್ನ ಗಂಡ ನಾಲ್ಕು ತಿಂಗಳಿಂದ ಪರಮ ಪ್ರಸಾದ ಸ್ವೀಕರಿಸಿಲ್ಲ. ಅದಕ್ಕೆ ಅವರ ಕಾಯಿಲೆ ಕಾರಣವೆಂದು ನೀವು ಭಾವಿಸಿದ್ದರೆ, ಅಲ್ಲ. ಕಾರಣ ನಿಮ್ಮ ಸಮಿತಿ. ಹೀಗೆ ಮುಖಕ್ಕೆ ಹೇಳಿದರೆ ತಮಗೆ ಬೇಸರವಾಗಬಹುದು. ಆಗಲಿ. ಏಳು ವಾರದ ಹಿಂದೆ ತಮ್ಮ ಪತ್ರ ಕೈಸೇರಿದಾಗಿನಿಂದ ನಾನು ಅನುಭವಿಸುತ್ತಿರುವುದರ ಮುಂದೆ ಅದು ಯಾವ ಲೆಕ್ಕ?

ನಾನು ತಮಗೆ ಅಪರಿಚಿತಳಲ್ಲ. ಪ್ರತಿ ಜನವರಿಯ ಐಕ್ಯತಾ ವಾರದಲ್ಲಿ ವೇದಿಕೆಯ ಎಡಮೂಲೆಯಲ್ಲಿ ಕೂತು ಹಾರ್ಮೋನಿಯಂ ಬಾರಿಸುವ ಬಿಳಿತಲೆಯ ಹೆಂಗಸು ನಾನೇ. ಆರು ಸಭೆಗಳ ಹಿರಿಯರು ಆರು ಬತ್ತಿಯ ದೀಪ ಹಚ್ಚಲು ಹೋಗಿ, ಗಾಳಿಗೆ ಅದು ಆರಿಹೋಗಿ, ಫೋಟೋಗ್ರಾಫರ್ "ಇನ್ನೊಮ್ಮೆ ಸರ್" ಎನ್ನುವಾಗ, ನುಡಿಸಿದ್ದನ್ನೇ ಮತ್ತೆ ನುಡಿಸಿ ಹೊತ್ತು ತುಂಬಿಸುವವಳು. ಹನ್ನೊಂದು ವರ್ಷ ಹಾಗೆ ತುಂಬಿಸಿದ್ದೇನೆ. ನಾನು ಪ್ರೊಟೆಸ್ಟೆಂಟ್, ಮನೆಮಾತು ತುಳು, ನಿವೃತ್ತ ಶಾಲಾ ಶಿಕ್ಷಕಿ. ನನ್ನ ಗಂಡ ಲಿಗೋರಿ ರಸ್ಕಿನ್ಹಾ ಕಥೊಲಿಕರು, ಕೊಂಕಣಿಯವರು, ಬಸ್ ಕಂಪೆನಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು. ಮದುವೆಯಾಗಿ ಮೂವತ್ತೆಂಟು ವರ್ಷ. ತಮ್ಮ ಸಮಿತಿ ಹುಟ್ಟುವ ಮೊದಲೇ ಕಾವೂರಿನ ನಮ್ಮ ಅಡುಗೆಮನೆಯಲ್ಲಿ ಐಕ್ಯತೆ ಇತ್ತು. ಅದಕ್ಕೊಂದು ಬ್ಯಾನರ್ ಇರಲಿಲ್ಲ, ಅಷ್ಟೇ.

ನಮ್ಮ ಭಾನುವಾರ ಹೇಗಿತ್ತೆಂದು ಹೇಳುತ್ತೇನೆ, ಯಾಕೆಂದರೆ ಮುಂದಿನ ಕಥೆಗೆ ಅದು ಬೇಕು. ಒಂದೇ ಸ್ಕೂಟರಿನಲ್ಲಿ ಬೆಳಿಗ್ಗೆ ಹೊರಡುತ್ತಿದ್ದೆವು. ಮೊದಲು ಅವರ ಇಗರ್ಜಿ. ಪೂಜೆ ಮುಗಿಯುವ ತನಕ ನಾನು ಹೊರಗೆ ಕಲ್ಲುಬೆಂಚಿನ ಮೇಲೆ. ಆಮೇಲೆ ನಮ್ಮ ಚರ್ಚು. ಆರಾಧನೆ ಮುಗಿಯುವ ತನಕ ಅವರು ಗೇಟಿನ ಹೊರಗೆ, ಸ್ಕೂಟರಿನ ಮೇಲೆ ಪೇಪರ್ ಹಿಡಿದುಕೊಂಡು. ಒಳಗೆ ಬರಬಾರದೆಂದು ಯಾರೂ ಹೇಳಲಿಲ್ಲ. ಹೇಳದೆಯೇ ತಿಳಿಸುವ ಕಲೆ ನಮ್ಮ ಊರಿಗೆ ಚೆನ್ನಾಗಿ ಗೊತ್ತು. ನಮ್ಮ ಚರ್ಚಿನಲ್ಲಿ ಆರಾಧನೆಯ ಕೊನೆಗೆ ಪ್ರತಿ ವಾರವೂ ಒಂದೇ ತುಳು ಗೀತೆ. ಅದು ಶುರುವಾದರೆ ಇವರು ಪೇಪರ್ ಮಡಚಿ ಸ್ಕೂಟರ್ ತಿರುಗಿಸಿ ನಿಲ್ಲಿಸುತ್ತಿದ್ದರು. ಆ ಹಾಡನ್ನು ಅವರಿಗೆ ಯಾರೂ ಕಲಿಸಲಿಲ್ಲ. ಗೇಟಿನ ಹೊರಗೆ ನಿಂತು ಕೇಳಿ ಕೇಳಿಯೇ ಬಾಯಿಗೆ ಬಂತು.

ಐದು ತಿಂಗಳ ಹಿಂದೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೊಂಕಣಿಯೂ ಇಲ್ಲ, ಕನ್ನಡವೂ ಇಲ್ಲ, ನನ್ನ ಹೆಸರೂ ಇಲ್ಲ. ಉಳಿದದ್ದು ಆ ತುಳು ಹಾಡೊಂದೇ. ಮಾತಾಡಲಾಗದವರಿಗೂ ಕೆಲವೊಮ್ಮೆ ಹಾಡು ಉಳಿಯುತ್ತದೆ ಎಂದು ಡಾಕ್ಟರು ವಿವರಿಸಿದರು. ಇನ್ನೊಂದು ತೊಂದರೆ, ಅವರು ಬಾಯಿ ತೆರೆಯುವುದಿಲ್ಲ. ಚಮಚ ಹತ್ತಿರ ಬಂದರೆ ತುಟಿ ಬಿಗಿ. ನೋಡಿಕೊಳ್ಳಲು ಬರುವ ದೀಕ್ಷಿತಾ ಎಂಬ ಹುಡುಗಿ ಇದಕ್ಕೆ ಉಪಾಯ ಕಂಡುಹಿಡಿದಳು. ನಾನು ಹಾರ್ಮೋನಿಯಂನಲ್ಲಿ ಆ ಗೀತೆ ನುಡಿಸಿದಾಗ ಅವರು ಗುನುಗುವುದನ್ನು ನೋಡಿ, ಒಂದೇ ವಾರದಲ್ಲಿ ಹಾಡನ್ನು ಪೂರ್ತಿ ಕಲಿತಳು. ಈಗ ಅವಳು ಹಾಡುತ್ತಾಳೆ, ಇವರು ಬಾಯಿ ತೆರೆಯುತ್ತಾರೆ, ಗಂಜಿ ಹೋಗುತ್ತದೆ. ದೀಕ್ಷಿತಾ ಹಿಂದೂ ಹುಡುಗಿ, ಹಣೆಯಲ್ಲಿ ಕುಂಕುಮ. ನಮ್ಮ ಗೀತೆ ಹಾಡಲು ಅವಳು ಯಾವ ಸಮಿತಿಗೂ ಅರ್ಜಿ ಹಾಕಲಿಲ್ಲ.

ಈಗ ನಾಲ್ಕು ತಿಂಗಳ ಹಿಂದಿನ ಒಂದು ಶುಕ್ರವಾರಕ್ಕೆ ಬರುತ್ತೇನೆ. ತಿಂಗಳ ಮೊದಲ ಶುಕ್ರವಾರ ಗಂಡನ ಇಗರ್ಜಿಯ ಫಾದರ್ ರೋಗಿಗಳಿಗೆ ಪರಮ ಪ್ರಸಾದ ತರುತ್ತಾರೆ. ನನ್ನ ಚರ್ಚಿನ ಪಾದ್ರಿಗಳು ಪ್ರಾರ್ಥನೆಗೆ ಬರುವುದು ಗುರುವಾರ. ಆ ವಾರ ಗುರುವಾರ ಫಿಸಿಯೋಥೆರಪಿ ಇದ್ದುದರಿಂದ ನಾನು ಯೋಚಿಸದೆ ಪಾದ್ರಿಗಳಿಗೆ "ನಾಳೆ ಬನ್ನಿ" ಎಂದುಬಿಟ್ಟೆ. ತಪ್ಪು ನನ್ನದೇ. ಫಾದರ್ ಮೊದಲು ಬಂದರು. ಕೊಂಕಣಿಯಲ್ಲಿ ಪ್ರಾರ್ಥಿಸಿ ಪ್ರಸಾದದ ತೆಳು ರೊಟ್ಟಿಯನ್ನು ಎತ್ತಿ ಹಿಡಿದರು. ಇವರ ಬಾಯಿ ಬಿಗಿ. ಒಮ್ಮೆ, ಎರಡು ಸಲ, ಮೂರು ಸಲ. ಆಗ ದೀಕ್ಷಿತಾ, ಪಾಪ, ಗಂಜಿಯ ಹೊತ್ತಿನಲ್ಲಿ ಮಾಡುವಂತೆಯೇ ಹಾಡಲು ಶುರುಮಾಡಿದಳು. ಇವರು ಬಾಯಿ ತೆರೆದರು. ಫಾದರ್ ಕೈ ಅಲ್ಲೇ ನಿಂತಿತು.

"ಇದು ಯಾವ ಹಾಡು?" ಎಂದರು.

"ಅಮ್ಮನ ಚರ್ಚಿದ್ದು ಫಾದರ್. ಇದು ಹೇಳಿದ್ರೆ ಮಾತ್ರ ಅಜ್ಜ ಬಾಯಿ ತೆರೆಯುವುದು. ಗಂಜಿಗೂ ಇದೇ."

ಫಾದರ್ ನನ್ನ ಮುಖ ನೋಡಿದರು. "ಟೀಚರ್, ನೀವು ತಪ್ಪು ತಿಳ್ಕೊಳ್ಬೇಡಿ. ಗಂಜಿ ಬೇರೆ, ಇದು ಬೇರೆ. ಸಂಸ್ಕಾರದ ನಡುವೆ ಇನ್ನೊಂದು ಸಭೆಯ ಹಾಡು ಅಂದ್ರೆ ನಾನೊಬ್ಬನೇ ತೀರ್ಮಾನ ಮಾಡ್ಲಿಕ್ಕೆ ಆಗುದಿಲ್ಲ. ಐಕ್ಯ ಸಮಿತಿ ಉಂಟಲ್ಲ, ಅವರನ್ನು ಕೇಳಿ ನೋಡಿ."

ಅಷ್ಟರಲ್ಲಿ ಹಾಡು ಮುಗಿಯಿತು. ಬಾಯಿ ಮುಚ್ಚಿತು. ಪ್ರಸಾದ ಪುನಃ ಡಬ್ಬಿಗೆ ಹೋಯಿತು.

ಫಾದರನ್ನು ಬಿಡಲು ಗೇಟಿನ ತನಕ ಹೋದರೆ ಅಲ್ಲೇನಿದೆ? ನಮ್ಮ ಪಾದ್ರಿಗಳ ಕಾರು. ಇಪ್ಪತ್ತು ನಿಮಿಷದಿಂದ ಎಸಿ ಹಾಕಿಕೊಂಡು ಒಳಗೆ ಕೂತಿದ್ದಾರೆ! ಆ ಗೀತೆಯನ್ನು ಪ್ರತಿ ಭಾನುವಾರ ಹಾಡಿಸುವ ಮನುಷ್ಯ, ಅದು ಬೇಕಾದ ಹೊತ್ತಿಗೆ, ಹದಿನೈದು ಹೆಜ್ಜೆ ದೂರದಲ್ಲಿ ಗಾಜು ಏರಿಸಿಕೊಂಡು ಕೂತಿದ್ದರು. ಇಬ್ಬರೂ ನಗುನಗುತ್ತ ಕೈಕುಲುಕಿದರು. ಐಕ್ಯತಾ ಕ್ರಿಕೆಟ್ ಪಂದ್ಯದ ಸುದ್ದಿ ಮಾತಾಡಿದರು. ಫಾದರ್ ಹೊರಟರು.

"ಒಳಗೆ ಯಾಕೆ ಬರ್ಲಿಲ್ಲ ಅಯ್ಯನವರೇ?" ಎಂದೆ.

"ಅವರ ಕೆಲಸ ಮುಗೀಲಿ ಅಂತ ಕೂತೆ ಟೀಚರ್. ನಾನು ಬಂದ್ರೆ ಅವರಿಗೂ ಮುಜುಗರ, ನನಗೂ."

ಒಳಗೆ ನಡೆದದ್ದನ್ನು ಹೇಳಿದೆ. ಪಾದ್ರಿಗಳೇ ಜೊತೆಗಿದ್ದರೆ ಫಾದರಿಗೂ ಧೈರ್ಯ ಬಂದೀತೆಂದು, ಮುಂದಿನ ತಿಂಗಳು ಫಾದರ್ ಬರುವಾಗ ನೀವೂ ಬಂದು ಹಾಡಿ ಎಂದು ಬೇಡಿಕೊಂಡೆ. ಪಾದ್ರಿಗಳು ಸಣ್ಣ ದನಿಯಲ್ಲಿ, "ನಮ್ಮ ಸಭೆಯವರು ಎಂತ ಹೇಳ್ತಾರೋ. ಸಮಿತಿಯಿಂದ ಒಂದು ಮಾತು ಬಂದ್ರೆ ಸುಲಭ ಆಗ್ತಿತ್ತು" ಎಂದರು.

ನೋಡಿ, ಇಬ್ಬರೂ ಒಳ್ಳೆಯವರು. ಇಬ್ಬರೂ ನಿಮ್ಮ ಸಮಿತಿಯ ಕಡೆಗೇ ಬೆರಳು ತೋರಿಸಿದರು. ನಾನು ಮರುದಿನವೇ ತಮಗೆ ಬರೆದೆ. ಎರಡು ತಿಂಗಳು ಕಳೆದು ಬಂದ ತಮ್ಮ ಉತ್ತರ ನನ್ನ ಬೈಬಲಿನೊಳಗೆ ಭದ್ರವಾಗಿದೆ: "ವಿಷಯವು ಉಭಯ ಸಭೆಗಳ ಸಂಸ್ಕಾರವಿಧಿಗೆ ಸಂಬಂಧಿಸಿರುವುದರಿಂದ ಉಪಸಮಿತಿಗೆ ಒಪ್ಪಿಸಲಾಗಿದೆ. ಮುಂದಿನ ಐಕ್ಯತಾ ವಾರದ ಸಂದರ್ಭದಲ್ಲಿ ಚರ್ಚಿಸಲಾಗುವುದು." ಜನವರಿಗೆ! ಆ ಹಾಡು ಮುಗಿಯಲು ಎರಡೂವರೆ ನಿಮಿಷ ಸಾಕು ಮಾನ್ಯರೇ. ನಾನು ಗಡಿಯಾರ ಹಿಡಿದು ನೋಡಿದ್ದೇನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಮಕ್ಕಳಿಗೆ ಮೂವತ್ತು ವರ್ಷ ಕಲಿಸಿದೆ. ಅದರ ಅರ್ಥ ನನಗೆ ಆದದ್ದು ಈಗ.

ಯಾವುದೋ ಪ್ರಾರ್ಥನಾಲಯದ ಕಿಟಕಿಗೆ ಕಲ್ಲು ಬಿದ್ದರೆ ಮರುದಿನ ಆರೂ ಸಭೆಯವರು ಸಾಲಾಗಿ ಹೋಗಿ ಒಂದೇ ಮನವಿ ಕೊಡುತ್ತೀರಿ. ಕೊಡಬೇಕು, ನಾನೂ ಬಂದು ನಿಂತಿದ್ದೇನೆ. ಆದರೆ ಹೊರಗಿನವರು ಕಲ್ಲು ಹೊಡೆದಾಗ ಮಾತ್ರ ನಾವು ಒಂದೇ ಮನೆಯವರೇ? "ಗೋಡೆಗಳನ್ನು ಕೆಡವೋಣ" ಎಂಬ ತಮ್ಮ ಬ್ಯಾನರ್ ಪಂಪ್‌ವೆಲ್ ಫ್ಲೈಓವರಿನ ಹತ್ತಿರ ಇನ್ನೂ ನೇತಾಡುತ್ತಿದೆ. ಅದನ್ನು ಕಟ್ಟಲು ಯಾವ ಉಪಸಮಿತಿ ಎಷ್ಟು ತಿಂಗಳು ಚರ್ಚಿಸಿತು? ಇಗರ್ಜಿಯ ವಿಧಿಗಳನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ನನಗೆ ಪ್ರಸಾದ ಕೊಡಿ ಎಂದೂ ಕೇಳುತ್ತಿಲ್ಲ. ಕಥೊಲಿಕ ರೋಗಿಗೆ ಕಥೊಲಿಕ ಗುರು ಪ್ರಸಾದ ಕೊಡುವಾಗ ಪಕ್ಕದಲ್ಲೊಬ್ಬರು ಹಾಡಬಹುದೇ ಎಂದಷ್ಟೇ ಕೇಳಿದೆ.

ಈ ಸಲ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯಲು ಹೊರಟ ಮೇಲೆ ನನ್ನ ಪಾಲನ್ನೂ ಹೇಳಬೇಕು. ಮದುವೆಯಾದ ಮೂರನೆಯ ವರ್ಷ, ಜೋರು ಮಳೆಯ ಒಂದು ಭಾನುವಾರ, ಇವರು ನೀರು ತೊಟ್ಟಿಕ್ಕುತ್ತ ಚರ್ಚಿನ ಬಾಗಿಲಿಗೆ ಬಂದು, "ಸುಗುಣಾ, ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಲಾ?" ಎಂದು ಕೇಳಿದರು. ನಾನು, "ಬೇಡ ಮಾರಾಯ್ರೆ, ಜನ ಎಂತ ಹೇಳ್ತಾರೆ? ವರಾಂಡದಲ್ಲಿ ನಿಲ್ಲಿ" ಎಂದೆ. ಅವರು ನಿಂತರು. ಆಮೇಲೆ ಯಾವತ್ತೂ ಕೇಳಲಿಲ್ಲ. ಯಾವ ಸಮಿತಿಯೂ ನನಗೆ ಹಾಗೆ ಹೇಳಲು ಕಲಿಸಿರಲಿಲ್ಲ. ಕ್ಷಮೆ ಕೇಳೋಣವೆಂದರೆ ಈಗ ಅವರಿಗೆ ಮಾತು ಅರ್ಥವಾಗುತ್ತದೋ ಇಲ್ಲವೋ ಗೊತ್ತಿಲ್ಲ. ಹಾರ್ಮೋನಿಯಂ ಬಾರಿಸುತ್ತೇನೆ. ಹಾಡುವುದನ್ನು ದೀಕ್ಷಿತಾಗೆ ಬಿಡುತ್ತೇನೆ.

ಅವಸರ ಯಾಕೆಂದರೆ, ಕಳೆದ ವಾರದಿಂದ ಗಂಜಿಯೂ ನೆತ್ತಿಗೆ ಹತ್ತುತ್ತಿದೆ. ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಳಿಕೆ ಬಂದ ಮೇಲೆ ಬಾಯಿಗೆ ಏನನ್ನೂ ಕೊಡುವಂತಿಲ್ಲ. ಒಂದು ಭಾನುವಾರವೂ ಪ್ರಸಾದ ತಪ್ಪಿಸದಿದ್ದ ಮನುಷ್ಯ ಅದಿಲ್ಲದೆ ಹೋಗುತ್ತಾರೆ. ತಮ್ಮ ಜನವರಿಯನ್ನು ಕಾಯುವ ಶಕ್ತಿ ಅವರ ಗಂಟಲಿಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಮೊದಲ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಫಾದರ್ ಮತ್ತು ಪಾದ್ರಿಗಳು ಒಟ್ಟಿಗೆ ನಮ್ಮ ಮನೆಗೆ ಬರಲಿ. ಅದಕ್ಕೆ ಬೇಕಾದ ಆ ಒಂದು ಮಾತನ್ನು ಅವರಿಬ್ಬರಿಗೂ ತಾವು ಈ ವಾರವೇ ಹೇಳಿ. ಒಬ್ಬರು ಹಾಡಲಿ, ಒಬ್ಬರು ಕೊಡಲಿ, ನಾನು ನುಡಿಸುತ್ತೇನೆ. ಬ್ಯಾನರ್ ಬೇಡ, ಹೂಗುಚ್ಛ ಬೇಡ, ಫೋಟೋಗ್ರಾಫರ್ ಬೇಡವೇ ಬೇಡ. ತಾವೂ ಬನ್ನಿ, ಚಹಾ ಉಂಟು. ಆದರೆ ದಯವಿಟ್ಟು ಯಾರೂ ಗೇಟಿನ ಹೊರಗೆ ಕಾಯಬೇಡಿ. ಆ ಕೆಲಸವನ್ನು ನಾವಿಬ್ಬರೂ ಮೂವತ್ತೆಂಟು ವರ್ಷ ಮಾಡಿ ಮುಗಿಸಿದ್ದೇವೆ.

ಇಂತಿ,
ಗಂಡನನ್ನು ವರಾಂಡದಲ್ಲಿ ನಿಲ್ಲಿಸಿದ ತಪ್ಪಿಗೆ ಈಗ ಊರೆಲ್ಲ ಕೇಳುವಂತೆ ಬೇಡುತ್ತಿರುವ
ಸುಗುಣಾ ರಸ್ಕಿನ್ಹಾ
ಕಾವೂರು, ಮಂಗಳೂರು